ತುಮಕೂರಿನ ಪಿನ್‌ಕೋಡ್ ಒಡೆದರೆ

ಆರಂಕಿಯ ಸಂಖ್ಯೆ ಕಂಡೊಡನೆ ಒಡೆದು ನೋಡುವ ಚಟದವರಿಗೆ ಪಿನ್‌ಕೋಡಿನಂಥ ಪುಕ್ಕಟೆ ಸರಕು ಇನ್ನೊಂದಿಲ್ಲ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಅದನ್ನು ಜಾರಿಗೆ ತಂದದ್ದು ಕಾಗದ ವಿಂಗಡಿಸಲು. ನಮ್ಮ ತುಮಕೂರು ಸೀಮೆಯವು 572ರಿಂದ ಶುರುವಾಗುತ್ತವೆ. ಆದರೆ ಒಡೆಯಲು ಕೂತರೆ ಒಂದರ ಗುಣ ಇನ್ನೊಂದಕ್ಕಿಲ್ಲ.

ಕುಣಿಗಲ್ಲಿನ 572130 ಧಾರಾಳಿ. ಕೊನೆಯ ಸೊನ್ನೆಯಿಂದ 2, 5 ಸಿಕ್ಕವು. ಅಂಕಿಗಳನ್ನು ಕೂಡಿದರೆ 18, ಅಲ್ಲಿಗೆ 9 ಕೂಡ ಖಾತ್ರಿ. ಪೂರ್ತಿ ಒಡೆದರೆ 2×3×3×3×5×13×163. ಭಾಜಕಗಳು ಬರೋಬ್ಬರಿ 64. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 10,80,990. ಮೂಲ ಸಂಖ್ಯೆಯನ್ನೇ ಮೀರಿಸುವ ಇಂಥವು ಸಮೃದ್ಧ ಸಂಖ್ಯೆಗಳು. ತನ್ನದೇ ಅಂಕಿಗಳ ಮೊತ್ತವಾದ 18ರಿಂದ ಶೇಷವಿಲ್ಲದೆ ಭಾಗವಾಗುವುದರಿಂದ, ದೇವಳಾಲಿಯ ಶಾಲಾ ಮೇಷ್ಟ್ರು ಡಿ.ಆರ್. ಕಾಪ್ರೇಕರ್ ಗುರುತಿಸಿದ ‘ಹರ್ಷದ’ ಸಂಖ್ಯೆಗಳ ಸಾಲಿಗೂ ಇದು ಸೇರುತ್ತದೆ.

ಗುಬ್ಬಿಯ 572216 ಹಾಗಲ್ಲ. 8×71527, ಮುಗಿಯಿತು, 71527 ಅವಿಭಾಜ್ಯ. ಅದು ಖಾತ್ರಿಯಾಗಬೇಕಾದರೆ 263ರವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. 268ರ ವರ್ಗವೇ 71824 ಆಗುವುದರಿಂದ ಅದರಾಚೆ ಹೋಗಬೇಕಿಲ್ಲ. ಹರ್ಷದವಾಗುವ ಯೋಗವೂ ಒಂದರಲ್ಲಿ ತಪ್ಪಿತು: ಅಂಕಿಗಳ ಮೊತ್ತ 23, ಅದರಿಂದ ಭಾಗವಾಗುವುದು 572217. ವೀರಣ್ಣನವರ ನಾಟಕ ಕಂಪನಿಯ ಊರಿಗೆ ಇಷ್ಟು ಬಿಗುಮಾನದ ನಂಬರೇ!

ನನ್ನ ಮೆಚ್ಚಿನದು ತುಮಕೂರಿನ 572101. ಮೊದಲು ಏನೂ ಬಿಟ್ಟುಕೊಡುವುದಿಲ್ಲ. 2, 3, 5, 7, 11, 13 ಯಾವುದಕ್ಕೂ ಜಗ್ಗದು. ಕೈಬಿಡೋಣ ಎನ್ನುವಷ್ಟರಲ್ಲಿ 17 ಹಿಡಿಯುತ್ತದೆ: 17×73×461. ಮೂರೂ ಬೇರೆ ಬೇರೆ ಅವಿಭಾಜ್ಯಗಳು. ಇಲ್ಲಿಗೇ ನಿಲ್ಲಿಸುವವರು ಸೊಗಸನ್ನು ಕಳೆದುಕೊಳ್ಳುತ್ತಾರೆ. ಮೂರನ್ನೂ 4ರಿಂದ ಭಾಗಿಸಿ, ಶೇಷ 1. ಇಂಥ ಅವಿಭಾಜ್ಯ ಪ್ರತಿಯೊಂದೂ ಎರಡು ವರ್ಗಗಳ ಮೊತ್ತ: 17 ಎಂದರೆ 16+1, 73 ಎಂದರೆ 64+9, 461 ಎಂದರೆ 361+100. ಇಂಥ ಎರಡನ್ನು ಗುಣಿಸಿದರೂ ಬರುವುದು ಎರಡು ವರ್ಗಗಳ ಮೊತ್ತವೇ ಎಂಬುದು 628ರಲ್ಲಿ ಗ್ರಂಥ ಬರೆದ ಬ್ರಹ್ಮಗುಪ್ತನ ಸೂತ್ರದಿಂದ ಸಿಗುವ ಮಾತು. ಆ ಸೂತ್ರ ಹಿಡಿದು ಹೊರಟರೆ ತುಮಕೂರು ನಾಲ್ಕು ಬಗೆಯಲ್ಲಿ ಬಿಚ್ಚಿಕೊಳ್ಳುತ್ತದೆ. 751 ಮತ್ತು 90, 705 ಮತ್ತು 274, 670 ಮತ್ತು 351, 625 ಮತ್ತು 426. ಯಾವ ಜೋಡಿಯನ್ನಾದರೂ ತೆಗೆದುಕೊಂಡು ವರ್ಗ ಮಾಡಿ ಕೂಡಿ, 572101 ಬರುತ್ತದೆ. ಐದನೆಯ ಜೋಡಿ ಇಲ್ಲ.

64 ಭಾಜಕಗಳಿದ್ದೂ ಕುಣಿಗಲ್ಲಿಗೆ ಈ ಭಾಗ್ಯ ಒಂದು ಬಗೆಯಲ್ಲೂ ಇಲ್ಲ. ಗುಬ್ಬಿಗೂ ಇಲ್ಲ, 71527ನ್ನು 4ರಿಂದ ಭಾಗಿಸಿದರೆ ಶೇಷ 3. ಭಾಜಕಗಳ ಸಂತೆಗಿಂತ ಈ ನಾಲ್ಕು ಜೋಡಿಯೇ ನನಗೆ ಹೆಚ್ಚು.

ತಿಪಟೂರಿನವರು ಮುನಿಸಿಕೊಳ್ಳಬೇಡಿ. ನಿಮ್ಮ 572201 ಕೂಡ 7×43×1901, ಮೂರೇ ಅವಿಭಾಜ್ಯಗಳು. ಆದರೆ ಎರಡು ವರ್ಗಗಳ ಮೊತ್ತವಾಗದು. ಯಾಕೆಂದು ತಿಳಿಯಬೇಕಾದರೆ ಆ 7ನ್ನೂ 43ನ್ನೂ 4ರಿಂದ ಭಾಗಿಸಿ ನೋಡಿ.