ನಡುವಿನ ವೃತ್ತ

ಮ್ಯಾನೇಜ್‌ಮೆಂಟ್ ಟ್ರೇನಿಂಗ್‌ಗೆ ಹೋಗಿ ಬಂದವರು ಒಂದು ಚಿತ್ರ ನೋಡಿಯೇ ಇರ್ತೀರಿ. ಸುತ್ತಲೂ ಆರು ವೃತ್ತ: ಸ್ಟ್ರಾಟಜಿ, ಸ್ಟ್ರಕ್ಚರ್, ಸಿಸ್ಟಮ್ಸ್, ಸ್ಟೈಲ್, ಸ್ಟಾಫ್, ಸ್ಕಿಲ್ಸ್. ನಟ್ಟನಡುವೆ ಏಳನೆಯದು, ಶೇರ್ಡ್ ವ್ಯಾಲ್ಯೂಸ್. ಅಂದ್ರೆ ಕಂಪನಿಯಲ್ಲಿ ಎಲ್ಲರೂ ಒಪ್ಪಿಕೊಂಡ ಮೌಲ್ಯಗಳು. ಇದು ಮೆಕಿನ್ಸಿಯ ಸೆವೆನ್ ಎಸ್ ಮಾದರಿ. ಟಾಮ್ ಪೀಟರ್ಸ್ ಮತ್ತು ರಾಬರ್ಟ್ ವಾಟರ್‌ಮನ್ 1982ರಲ್ಲಿ ಬರೆದ 'ಇನ್ ಸರ್ಚ್ ಆಫ್ ಎಕ್ಸಲೆನ್ಸ್' ಪುಸ್ತಕದ ಜೊತೆ ಊರೆಲ್ಲ ಹಬ್ಬಿದ್ದು. ನನ್ನ ತಕರಾರು ಆ ನಡುವಿನ ವೃತ್ತದ ಬಗ್ಗೆ.

ಒಳ್ಳೆಯದನ್ನ ಮೊದಲು ಹೇಳಿಬಿಡ್ತೀನಿ. ಇವರಿಬ್ಬರು ಇನ್ನೊಬ್ಬರ ಜೊತೆ ಸೇರಿ 1980ರಲ್ಲಿ ಬರೆದ ಲೇಖನದ ಹೆಸರೇ 'ಸ್ಟ್ರಕ್ಚರ್ ಈಸ್ ನಾಟ್ ಆರ್ಗನೈಸೇಶನ್'. ಕಂಪನಿಗೆ ಯಾವ ಕಾಯಿಲೆ ಬಂದ್ರೂ ಆರ್ಗ್ ಚಾರ್ಟಿನ ಡಬ್ಬಿಗಳನ್ನ ಅತ್ತಿಂದಿತ್ತ ಸರಿಸೋದೇ ಮದ್ದಲ್ಲ, ಜನರ ಕೌಶಲ, ನಂಬಿಕೆ ಕೂಡ ಲೆಕ್ಕಕ್ಕೆ ಬರಬೇಕು ಅನ್ನೋದು ಅವರ ವಾದ. ಸರಿಯಾದ ಮಾತೇ.

ಆದರೆ ಚಿತ್ರ ಒಂದು ಪ್ರಶ್ನೆಗೆ ಉತ್ತರ ಕೊಡಲ್ಲ. ಮೌಲ್ಯ ಒಂದು ಕಡೆಗೂ ಸ್ಟ್ರಕ್ಚರ್ ಇನ್ನೊಂದು ಕಡೆಗೂ ಎಳೆದರೆ ಗೆಲ್ಲೋದು ಯಾವುದು? ನಡುವೆ ಕೂತಿರೋದ್ರಿಂದ ಮೌಲ್ಯವೇ ಗೆಲ್ಲುತ್ತೆ ಅಂತ ನಾವು ನಂಬಿಬಿಡ್ತೀವಿ. ನಮ್ಮ ಆಫೀಸುಗಳ ಗೋಡೆ ಮೇಲಿನ ಪೋಸ್ಟರ್‌ಗಳೆಲ್ಲ ನಿಂತಿರೋದು ಈ ನಂಬಿಕೆ ಮೇಲೆ.

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕನ್ನ ನೋಡಿ. ಗ್ರಾಹಕರ ಹಿತವೇ ಮುಖ್ಯ ಅಂತ ಸಾರೋ ಮೌಲ್ಯಗಳ ಪುಸ್ತಿಕೆಯನ್ನೇ ಅದು ಅಚ್ಚು ಹಾಕಿಸಿತ್ತು. ಅದೇ ಬ್ಯಾಂಕಿಗೆ 2016ರ ಸೆಪ್ಟೆಂಬರಿನಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಸೇಲ್ಸ್ ಟಾರ್ಗೆಟ್ ಮುಟ್ಟೋಕೆ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಹೆಸರಲ್ಲಿ ಲಕ್ಷಗಟ್ಟಲೆ ಖಾತೆ ತೆರೆದಿದ್ದರು. ಸುಮಾರು 5,300 ಜನರ ಕೆಲಸ ಹೋಯಿತು. ಅಷ್ಟೊಂದು ಜನ ಒಟ್ಟಿಗೆ ಕೆಟ್ಟುಹೋದರಾ? ಬ್ಯಾಂಕಿನ ನಿರ್ದೇಶಕರೇ ಮಾಡಿಸಿದ ತನಿಖೆಯ ವರದಿ 2017ರಲ್ಲಿ ಬಂತು. ಟಾರ್ಗೆಟ್‌ನ ಒತ್ತಡದ ಜೊತೆ ಅದು ಬೊಟ್ಟು ಮಾಡಿದ್ದು ಸ್ಟ್ರಕ್ಚರ್ ಕಡೆಗೆ. ಒಂದೊಂದು ವಿಭಾಗಕ್ಕೂ ಅದರ ಮುಖ್ಯಸ್ಥರೇ ದೊರೆ. ಆ ವಿಭಾಗದ ಅಪಾಯಗಳನ್ನ ಎತ್ತಿ ತೋರಿಸಬೇಕಿದ್ದ ರಿಸ್ಕ್ ಅಧಿಕಾರಿಗಳು ಉತ್ತರ ಹೇಳಬೇಕಾಗಿದ್ದಿದ್ದೂ ಮುಖ್ಯವಾಗಿ ಅದೇ ದೊರೆಗೆ. ಹೇಳೋದು ಶಾಸ್ತ್ರ, ಹಾಕೋದು ಗಾಳ!

ಹಳ್ಳಿಯ ಹಾಲಿನ ಡೈರಿ ಇದಕ್ಕಿಂತ ಜಾಣ. ಅಲ್ಲೂ ಗೋಡೆ ಮೇಲೆ 'ಶುದ್ಧ ಹಾಲು ಕೊಡಿ' ಅಂತ ಬರೆದಿರ್ತಾರೆ. ಆದರೆ ವ್ಯವಸ್ಥೆ ಆ ಬರಹವನ್ನ ನಂಬಿ ಕೂತಿಲ್ಲ. ಸೆಕ್ರೆಟರಿ ಹಾಲಿನ ಡಿಗ್ರಿ ನೋಡ್ತಾರೆ, ಫ್ಯಾಟ್ ನೋಡ್ತಾರೆ. ಸಂಘದ ಹಾಲನ್ನ ಜಿಲ್ಲಾ ಒಕ್ಕೂಟ ಮತ್ತೆ ಪರೀಕ್ಷೆ ಮಾಡುತ್ತೆ, ಸಂಘಕ್ಕೆ ದುಡ್ಡು ಬರೋದು ಆ ಎರಡನೇ ಪರೀಕ್ಷೆ ಪ್ರಕಾರ. ಎರಡನೇ ಸಲ ಅಳೆಯೋನು ಸೆಕ್ರೆಟರಿ ಕೈಕೆಳಗಿನವನಲ್ಲ. ಇಲ್ಲೂ ಮೋಸ ನಡೆಯಲ್ಲ ಅಂತಲ್ಲ, ಆದರೆ ಪ್ರಾಮಾಣಿಕವಾಗಿರೋನಿಗೆ ನಷ್ಟ ಆಗಬಾರದು ಅನ್ನೋ ಯೋಚನೆ ಆ ಏರ್ಪಾಡಿನಲ್ಲೇ ಇದೆ.

ಈಗ ನಮ್ಮ ಐಟಿ ಪ್ರಾಜೆಕ್ಟ್‌ಗೆ ಬನ್ನಿ. 'ಕ್ವಾಲಿಟಿಯೇ ನಮ್ಮ ಮೌಲ್ಯ' ಅಂತೀವಿ. ಟೆಸ್ಟಿಂಗ್ ಲೀಡ್‌ನ ಅಪ್ರೈಸಲ್ ಬರೆಯೋದು ಯಾರು? ರಿಲೀಸ್ ಡೇಟ್ ತಪ್ಪಿದರೆ ಬೋನಸ್ ಕಳ್ಕೊಳ್ಳೋ ಡೆಲಿವರಿ ಮ್ಯಾನೇಜರ್ರೇ ಆಗಿದ್ರೆ, ಶುಕ್ರವಾರ ಸಂಜೆ ಸಿಕ್ಕ ಬಗ್ಗಿನ ಸಿವಿಯಾರಿಟಿ ಇಳಿಯದೆ ಇನ್ನೇನಾಗುತ್ತೆ? ಆ ಹುಡುಗಿಗೋ ಹುಡುಗನಿಗೋ ಮೌಲ್ಯ ಇಲ್ಲ ಅಂತಲ್ಲ. ಮನೆ ಸಾಲದ ಕಂತೂ ಇದೆ.

ಸ್ಟ್ರಕ್ಚರ್ ಒಂದೇ ಸಾಕು ಅಂತ ನಾನೂ ಹೇಳಲ್ಲ. ಪರೀಕ್ಷೆ ಮಾಡೋರೂ ಮಾಡಿಸ್ಕೊಳ್ಳೋರೂ ಕೈ ಸೇರಿಸಿದರೆ ಯಾವ ಚಾರ್ಟೂ ಕಾಪಾಡಲ್ಲ. ನನ್ನ ಮಾತು ಇಷ್ಟೇ: ಪೀಟರ್ಸ್ ಮತ್ತು ವಾಟರ್‌ಮನ್ ನಡುವಿನ ವೃತ್ತವನ್ನ ಖಾಲಿ ಬಿಡಬೇಕಿತ್ತು. ಯಾರು ಯಾರಿಗೆ ರಿಪೋರ್ಟ್ ಮಾಡ್ತಾರೆ, ಯಾವುದಕ್ಕೆ ಬಡ್ತಿ ಸಿಗುತ್ತೆ, 'ಆಗಲ್ಲ' ಅಂದವರಿಗೆ ಏನಾಗುತ್ತೆ ಅಂತ ನೋಡಿದ ಮೇಲೆ ತುಂಬಬೇಕಾದ ಜಾಗ ಅದು. ಹೊಸ ಕೆಲಸದ ಇಂಟರ್‌ವ್ಯೂನಲ್ಲಿ 'ನಿಮಗೇನಾದ್ರೂ ಕೇಳೋದಿದೆಯಾ' ಅಂದಾಗ ಈ ಮೂರನ್ನ ಕೇಳಿ. ಅವರ ಮೌಲ್ಯಗಳೇನು ಅಂತ ಬೇರೆ ಕೇಳಬೇಕಾಗಲ್ಲ.