ಪೆನ್ಸಿಲ್ ಕೇಳುವ ಕೆಲಸ ಯಾರದು?

ನೆಟ್‌ಫ್ಲಿಕ್ಸ್‌ನ ‘ಲಾಸ್ಟ್ ಚಾನ್ಸ್ ಯು’ ಸಾಕ್ಷ್ಯಚಿತ್ರ ಸರಣಿಯ ಮೊದಲೆರಡು ಸೀಸನ್‌ಗಳ ನಿಜವಾದ ನಾಯಕಿ ಬ್ರಿಟನಿ ವ್ಯಾಗ್ನರ್. ಮಿಸಿಸಿಪಿಯ ಸ್ಕೂಬಾ ಎಂಬ ಪುಟ್ಟ ಊರಿನ ಈಸ್ಟ್ ಮಿಸಿಸಿಪಿ ಕಮ್ಯುನಿಟಿ ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಹುಡುಗರ ಓದಿನ ಹೊಣೆ ಆಕೆಯದು. ಕ್ಲಾಸಿಗೆ ಹೊರಟವನನ್ನು ನಿಲ್ಲಿಸಿ ಪೆನ್ಸಿಲ್ ಇದೆಯಾ ಎಂದು ಕೇಳುತ್ತಾರೆ. ಗದರುತ್ತಾರೆ, ಮರುಕ್ಷಣವೇ ನಗುತ್ತಾರೆ. 2016ರಲ್ಲಿ ಸರಣಿ ಬಂದಾಗ ಪ್ರೇಕ್ಷಕರು ಆಕೆಯನ್ನು ಕೊಂಡಾಡಿದರು. ನನಗೂ ಇಷ್ಟವಾದರು. ಆದರೆ ಇಡೀ ತಂಡದ ಓದಿನ ಕಾಳಜಿ ಒಬ್ಬ ಉದ್ಯೋಗಿಯ ಬೆನ್ನ ಮೇಲಿದ್ದರೆ ಅದು ಆ ಕ್ರೀಡಾ ವಿಭಾಗದ ಹೆಗ್ಗಳಿಕೆಯೋ ಕೊರತೆಯೋ? ಸರಣಿ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ.

ಅಮೆರಿಕದ ಕಮ್ಯುನಿಟಿ ಕಾಲೇಜು ಎರಡು ವರ್ಷದ್ದು. ಶುಲ್ಕ ಕಡಿಮೆ, ಬಹುಮಟ್ಟಿಗೆ ಬಂದವರಿಗೆಲ್ಲ ಪ್ರವೇಶ. ಹೈಸ್ಕೂಲಿನ ಅಂಕ ಸಾಲದೆ ದೊಡ್ಡ ವಿಶ್ವವಿದ್ಯಾಲಯದ ತಂಡ ಸೇರಲಾಗದ ಆಟಗಾರ ಇಲ್ಲಿ ಡಿಗ್ರಿ ಮುಗಿಸಿ, ನಿಗದಿತ ಗ್ರೇಡು ಗಳಿಸಿದರೆ ಮಾತ್ರ ಮೇಲಿನ ಬಾಗಿಲು ತೆರೆಯುತ್ತದೆ. ಸ್ಕೂಬಾದಲ್ಲಿ ಕಾಣುವ ಓದಿನ ಆತಂಕವೆಲ್ಲ ಈ ಲೆಕ್ಕಾಚಾರದಿಂದ ಹುಟ್ಟಿದ್ದು. ಹುಡುಗ ಏನು ಕಲಿತ ಎನ್ನುವುದಕ್ಕಿಂತ ಆಡಲು ಅರ್ಹನಾಗಿ ಉಳಿದನೇ ಎನ್ನುವುದೇ ಮುಖ್ಯ. ಇದನ್ನು ವಿದ್ಯೆಗೆ ಕೊಟ್ಟ ಬೆಲೆ ಎನ್ನಲು ನನಗೆ ಮನಸ್ಸು ಬಾರದು. 2017ರಲ್ಲಿ ವ್ಯಾಗ್ನರ್ ಕಾಲೇಜು ಬಿಟ್ಟರು. ಅದೇ ವರ್ಷ ತಂಡ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಹೊತ್ತಿಗೆ ಕ್ಯಾಮೆರಾ ಕ್ಯಾನ್ಸಾಸ್‌ನ ಇಂಡಿಪೆಂಡೆನ್ಸ್ ಕಮ್ಯುನಿಟಿ ಕಾಲೇಜಿಗೆ ಹೊರಟುಹೋಗಿತ್ತು. ಅಲ್ಲಿನ ಕೋಚ್ ಜೇಸನ್ ಬ್ರೌನ್ ಬೈಗುಳದಲ್ಲೇ ಎರಡು ಸೀಸನ್ ತುಂಬಿಸಿದರು. ಜರ್ಮನಿಯಿಂದ ಬಂದಿದ್ದ ಆಟಗಾರನಿಗೆ ಹಿಟ್ಲರನ ಹೆಸರೆತ್ತಿ ಕಳಿಸಿದ ಸಂದೇಶ ಬಯಲಾಗಿ 2019ರಲ್ಲಿ ರಾಜೀನಾಮೆ ಕೊಟ್ಟರು. ಅವರ ಬಗ್ಗೆ ಇಷ್ಟು ಸಾಕು.

ಲೇನಿ ಕಾಲೇಜಿನಲ್ಲಿ ನಡೆಯುವ ಐದನೆಯ ಸೀಸನ್ನಿನ ದಾರಿಯೇ ಬೇರೆ. ಓಕ್ಲೆಂಡ್‌ನ ಈ ಕಾಲೇಜು ಇರುವ ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜುಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಆಡಬೇಕಾದರೆ ಆ ಸೆಮಿಸ್ಟರಿನಲ್ಲಿ 12 ಯೂನಿಟ್ (ಕ್ರೆಡಿಟ್) ಓದುತ್ತಿರಬೇಕು; ಅದರಲ್ಲಿ 9 ಯೂನಿಟ್ಟಾದರೂ ಡಿಗ್ರಿಯತ್ತಲೋ ಮುಂದಿನ ಓದಿನತ್ತಲೋ ಒಯ್ಯುವಂಥವಾಗಿರಬೇಕು. ನಿಯಮವೇನೋ ಚೆನ್ನಾಗಿದೆ. ಅದರ ಬಿಲ್ಲು ಮಾತ್ರ ಹುಡುಗರ ಹೆಸರಿಗೆ ಬರುತ್ತದೆ: ಹಾಸ್ಟೆಲ್ ಇಲ್ಲ, ಓಕ್ಲೆಂಡ್‌ನ ಬಾಡಿಗೆ ಕೇಳಲಾಗದು. ತಂಡದ ಒಬ್ಬ ಹುಡುಗ ಕ್ಲಾಸು, ಪ್ರಾಕ್ಟೀಸು, ಹೋಟೆಲ್ ಕೆಲಸ ಮುಗಿಸಿ ಕಾರಿನಲ್ಲಿ ಮಲಗುತ್ತಾನೆ. ಇಡೀ ಸರಣಿಯಲ್ಲಿ ಓದಿನ ಬಗ್ಗೆ ನಿಜವಾಗಿ ಏನನ್ನಾದರೂ ಹೇಳುವ ದೃಶ್ಯವೆಂದರೆ ಇದೇ. ಮಲಗಲು ಜಾಗವಿಲ್ಲದವನ ಮುಂದೆ ಹಾಜರಾತಿಯ ಉಪದೇಶ ನಡೆಯುವುದಿಲ್ಲ.

ಇಲ್ಲಿನ ಕೋಚ್ ಜಾನ್ ಬೀಮ್ ಕಾಲೇಜಿನ ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಕ್ರೀಡಾ ವಿಭಾಗದ ಮುಖ್ಯಸ್ಥ, ಕೂಡ ಆಗಿದ್ದರು. 2018ರಲ್ಲಿ ರಾಜ್ಯ ಚಾಂಪಿಯನ್ ಆದ ತಂಡ ಮರುವರ್ಷ, ಚಿತ್ರೀಕರಣದ ಹೊತ್ತಿಗೆ, ಗಾಯಗಳಿಂದ ನಲುಗಿತ್ತು. ಸೋಲಿನ ನಡುವೆಯೂ ಅವರು ಹುಡುಗರ ಮನೆಮಠ ವಿಚಾರಿಸುತ್ತಾರೆ; ಎಲ್ಲಿ ಮಲಗುತ್ತಾನೆ, ಊಟ ಆಯಿತೇ ಎಂಬುದು ಅವರಿಗೆ ಗೊತ್ತಿರುತ್ತದೆ. 2025ರ ನವೆಂಬರಿನಲ್ಲಿ ಅದೇ ಕ್ಯಾಂಪಸ್ಸಿನಲ್ಲಿ ಅವರು ಗುಂಡೇಟಿಗೆ ಬಲಿಯಾದಾಗ ಓಕ್ಲೆಂಡ್ ಮರುಗಿದ ರೀತಿಯನ್ನು ನೋಡಿದರೆ, ಸರಣಿ ತೋರಿಸಿದ ಮನುಷ್ಯ ಕ್ಯಾಮೆರಾಕ್ಕಾಗಿ ಹುಟ್ಟಿದವನಲ್ಲ ಎಂದು ತಿಳಿಯುತ್ತದೆ.

ಆದರೂ ನನ್ನ ತಕರಾರು ಹಾಗೇ ಉಳಿಯುತ್ತದೆ. ನಿರ್ದೇಶಕ ಗ್ರೆಗ್ ವೈಟ್ಲಿ ಬೀಮ್ ಅವರನ್ನು ಕೋಚ್ ಆಗಿ ಕಂಡಷ್ಟು ಡೈರೆಕ್ಟರ್ ಆಗಿ ಕಾಣಲಿಲ್ಲ. ಪ್ರಾಕ್ಟೀಸಿನ ವೇಳೆಗೂ ಲ್ಯಾಬಿನ ವೇಳೆಗೂ ಡಿಕ್ಕಿಯಾದರೆ ಯಾವುದು ಬದಲಾಗಬೇಕು? ಓದಿನ ಸಲಹೆಗಾರರು ಕೋಚ್‌ನ ಕೈಕೆಳಗಿರಬೇಕೋ ಬೇಡವೋ? ಕೋಚ್ ನೇಮಕದ ಸಂದರ್ಶನದಲ್ಲಿ ಗೆಲುವಿನ ಪಟ್ಟಿಯ ಪಕ್ಕದಲ್ಲಿ ಡಿಗ್ರಿ ಮುಗಿಸಿದವರ ಪಟ್ಟಿಯನ್ನೂ ಕೇಳುತ್ತಾರೆಯೇ? ಓದಿಗೆ ಬೆಲೆ ಕೊಡುವ ಕ್ರೀಡಾ ವಿಭಾಗ ತಯಾರಾಗುವುದು ಇಂಥ ಒಣ ತೀರ್ಮಾನಗಳಲ್ಲಿ. ಅವು ನಡೆಯುವ ಕೋಣೆಗಳಿಗೆ ಕ್ಯಾಮೆರಾ ಕಾಲಿಡುವುದಿಲ್ಲ. ಕೋಚ್ ಮತ್ತು ಡೈರೆಕ್ಟರ್ ಒಬ್ಬರೇ ಆಗಿರುವ ಕಡೆ ಶನಿವಾರದ ಪಂದ್ಯಕ್ಕೆ ಬೇಕೇ ಬೇಕಾದ ಆಟಗಾರನನ್ನು ಗ್ರೇಡಿನ ಕಾರಣಕ್ಕೆ ಬೆಂಚಿನಲ್ಲಿ ಕೂರಿಸು ಎಂದು ಹೇಳುವವರು ಯಾರು? ಬೀಮ್ ಅಂಥವರಾದರೆ ತಮಗೆ ತಾವೇ ಹೇಳಿಕೊಂಡಾರು. ಆ ಕುರ್ಚಿಯಲ್ಲಿ ಬ್ರೌನ್ ಅಂಥವರು ಕೂತಿದ್ದರೆ?