ಎಂಗಡೀನ್ ಮನೆ: ಗೋಡೆ ಉಳಿಸಿದವರು ಒಲೆಯನ್ನು ಮರೆತರೆ?

ಸ್ವಿಟ್ಜರ್ಲೆಂಡಿನ ಪೂರ್ವದ ಅಂಚಿನಲ್ಲಿ, ಇನ್ ನದಿಯ ಉದ್ದಕ್ಕೂ ಹರಡಿರುವ ಎಂಗಡೀನ್ ಕಣಿವೆಯ ಹಳ್ಳಿಮನೆಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಮಾರಾಟದ ಜಾಹೀರಾತುಗಳ ಧಾಟಿ ಹೆಚ್ಚುಕಡಿಮೆ ಒಂದೇ: ಹದಿನೇಳನೇ ಶತಮಾನದ ಮನೆ, ಮೂಲ ಮರಗೆಲಸ, ಗೋಡೆಯ ಮೇಲೆ ಕೊರೆದ ಚಿತ್ತಾರ, ಹುಲ್ಲಿನ ಕೊಟ್ಟಿಗೆಯಿದ್ದ ಜಾಗದಲ್ಲಿ ಗಾಜಿನ ಹಜಾರ. ಈ ಜೀರ್ಣೋದ್ಧಾರವನ್ನು ಪುಸ್ತಕವನ್ನು ಓದುವಂತೆ ಓದಿ ವಿಮರ್ಶಿಸಬೇಕು ಎನ್ನುವುದು ನನ್ನ ನಿಲುವು. ಹಾಗೆ ಓದಿದರೆ ಮೊದಲ ಅಧ್ಯಾಯಗಳು ಅದ್ಭುತ. ಕೆಡುವುದು ಕೊನೆಯ ಅಧ್ಯಾಯ, ಅಂದರೆ ಮಾರಾಟ.

ಈ ಮನೆಗಳ ವಿನ್ಯಾಸ ಹುಟ್ಟಿದ್ದೇ ದನ, ಹುಲ್ಲು ಮತ್ತು ಚಳಿಯಿಂದ. 1621-22ರ ಹೊತ್ತಿಗೆ ಆಸ್ಟ್ರಿಯದ ಸೇನೆ ಕೆಳ ಎಂಗಡೀನಿನ ಊರುಗಳನ್ನು ಸುಟ್ಟುಹಾಕಿತು. ಬೂದಿಯಿಂದ ಎದ್ದ ಊರುಗಳು ದಪ್ಪ ಕಲ್ಲುಗೋಡೆ ಕಟ್ಟಿಕೊಂಡವು. ಬೀದಿಗೆ ತೆರೆಯುವ ಕಮಾನಿನ ಹೆಬ್ಬಾಗಿಲು ದಾಟಿದರೆ ಸಿಗುವುದು 'ಸುಲೇರ್', ಅಂದರೆ ದೊಡ್ಡ ಪಡಸಾಲೆ. ಹುಲ್ಲು ತುಂಬಿದ ಗಾಡಿ ಈ ಪಡಸಾಲೆಯ ಮೂಲಕವೇ ಹಾದು ಹಿಂದಿನ ಕೊಟ್ಟಿಗೆಗೆ ಹೋಗುತ್ತಿತ್ತು. ದನಗಳಿಗೆ ಕೆಳಗಿನ ಅಂತಸ್ತು. ಪಕ್ಕದಲ್ಲಿ 'ಸ್ಟೂವಾ', ಮನೆಯಲ್ಲಿ ಬೆಚ್ಚಗಿರುವ ಒಂದೇ ಕೋಣೆ. ಅದರ ಗೋಡೆ, ಸೂರಿಗೆಲ್ಲ ಎತ್ತರದ ಕಾಡಿನ ಆರ್ವೆ ಪೈನ್ ಮರದ ಹಲಗೆ. ಆ ಮರದ ಪರಿಮಳ ತಲೆಮಾರು ಕಳೆದರೂ ಉಳಿದಿರುತ್ತದೆ. ಸ್ಟೂವಾದ ಒಲೆಗೆ ಸೌದೆ ಹಾಕುವುದು ಅಡುಗೆಮನೆಯ ಕಡೆಯಿಂದ, ಹಾಗಾಗಿ ಕೂತವರಿಗೆ ಹೊಗೆಯ ಕಾಟವಿಲ್ಲ. ಒಲೆಯ ಮೇಲೆ ಸೂರಿನಲ್ಲೊಂದು ಕಿಂಡಿ. ಬಿಸಿಗಾಳಿ ಅದರಿಂದ ಮಲಗುವ ಕೋಣೆಗೆ ಏರುತ್ತದೆ. ಕಿಟಕಿಗಳು ಒಳಗೆ ಕಿರಿದು, ಹೊರಗೆ ಅಗಲ. ಬೆಳಕು ಆದಷ್ಟು ಒಳಬರಬೇಕು, ಬಿಸಿ ಹೊರಹೋಗಬಾರದು. ಅಲಂಕಾರವೆಂದು ನಾವು ಮೆಚ್ಚುವ ಆ ಇಳಿಜಾರು ಅಂಚಿನ ಹಿಂದೆ ಇಷ್ಟು ಲೆಕ್ಕವಿದೆ.

ಹೊರಗೋಡೆಯ ಚಿತ್ತಾರಕ್ಕೆ ಸ್ಗ್ರಾಫಿಟೊ ಎಂದು ಹೆಸರು. ಅದನ್ನು ಸರಿಪಡಿಸುವ ಕೆಲಸವನ್ನು ಹತ್ತಿರದಿಂದ ಗಮನಿಸಿದವರಿಗೆ ಕಸುಬಿನ ಘನತೆ ಗೊತ್ತಾಗುತ್ತದೆ. ಮೊದಲು ಬೂದುಬಣ್ಣದ ಮರಳು ಕಲಸಿದ ಸುಣ್ಣದ ಗಾರೆ. ಅದು ಆರುವ ಮುನ್ನ ಮೇಲೊಂದು ಪದರ ಬಿಳಿ ಸುಣ್ಣ. ಆ ಬಿಳಿ ಹಸಿಯಾಗಿರುವಾಗಲೇ ಮೊಳೆಯಿಂದ, ಕೈವಾರದಿಂದ, ಕಬ್ಬಿಣದ ಸಣ್ಣ ಕೆರೆಗತ್ತಿಯಿಂದ ಕೆರೆಯಬೇಕು. ಕೆರೆದಲ್ಲಿ ಕೆಳಗಿನ ಬೂದುಬಣ್ಣ ಇಣುಕಿ ಹೂವು, ಅಲೆ, ಮತ್ಸ್ಯಕನ್ಯೆ ಮೂಡುತ್ತವೆ. ಗಾರೆ ಬಿಗಿದರೆ ಗೆರೆ ಒರಟಾಗುತ್ತದೆ, ತೀರ ಹಸಿಯಿದ್ದರೆ ಅಂಚು ಕುಸಿಯುತ್ತದೆ. ಒಂದು ದಿನದಲ್ಲಿ ಕೆರೆದು ಮುಗಿಸುವಷ್ಟೇ ಗೋಡೆಗೆ ಗಾರೆ ಬಳಿಯಬೇಕು. ಕಳೆದ ಶತಮಾನದಲ್ಲಿ ಇಂಥ ಹಳೇ ಗೋಡೆಗಳಿಗೆ ಸಿಮೆಂಟು ಮೆತ್ತಿದ ಕಡೆ ಕಲ್ಲಿನ ತೇವ ಹೊರಹೋಗಲಾರದೆ ಚಿತ್ತಾರವೇ ಚಕ್ಕೆಯೆದ್ದು ಉದುರಿತು. ಮತ್ತೆ ಸುಣ್ಣಕ್ಕೆ ಮರಳಿದ ಇಂದಿನ ಗಾರೆಯವರಿಗೆ ಎಷ್ಟು ಮೆಚ್ಚುಗೆ ಸಲ್ಲಿಸಿದರೂ ಕಡಿಮೆ.

ಕೊಟ್ಟಿಗೆಯ ಮಾತು ಬೇರೆ. ಮಾರುವವರಿಗೆ ಲಾಭದ ಚದರಡಿ ಸಿಗುವುದು ಅಲ್ಲೇ, ಹಾಗಾಗಿ ಕೈ ಹಾಕುವುದೂ ಅಲ್ಲೇ. ಹುಲ್ಲಿಗೆ ಗಾಳಿಯಾಡಲೆಂದು ಬಿಟ್ಟ ಸಂದುಗಳಿಗೆಲ್ಲ ಗಾಜು ಕೂರಿಸಿ, ನೆಲದಡಿ ಬಿಸಿನೀರಿನ ಕೊಳವೆ ಎಳೆದು, ಇಡೀ ಮನೆಯನ್ನು ಒಂದೇ ಹದಕ್ಕೆ ಬೆಚ್ಚಗಾಗಿಸಿದರೆ ಸ್ಟೂವಾಕ್ಕೆ ಅರ್ಥವೇ ಉಳಿಯುವುದಿಲ್ಲ. ಚಳಿಯ ಪಡಸಾಲೆ ದಾಟಿ ಬೆಚ್ಚಗಿನ ಕೋಣೆ ಸೇರುವುದೇ ಈ ಮನೆಯ ಅನುಭವದ ಜೀವಾಳ. ವಾಸ್ತುಶಿಲ್ಪಿ ಹಾನ್ಸ್-ಯೋರ್ಗ್ ರೂಖ್ ಎಂಗಡೀನಿನ ಮನೆಗಳಲ್ಲಿ ಮಾಡಿದ ಕೆಲಸ ನನಗೆ ಹಿಡಿಸುವುದು ಇದೇ ಕಾರಣಕ್ಕೆ: ಹಳೆಯದನ್ನು ಅದರ ಪಾಡಿಗೆ ಒರಟಾಗಿಯೇ ಬಿಟ್ಟು, ಹೊಸದನ್ನು ಹೊಸದೆಂದು ಕಾಣುವಂತೆ ಒಳಗಿಡುತ್ತಾರೆ. ಜುವೋಜ್ ಊರಿನಲ್ಲಿ ಅವರು ಸರಿಪಡಿಸಿದ ಚೇಸಾ ಮದಲೇನಾ ಎಂಬ ಮನೆಯೊಳಗೆ ಹುದುಗಿದ್ದ ಮಧ್ಯಯುಗದ ಗೋಪುರ ಈಗ ಕಣ್ಣಿಗೆ ಬೀಳುತ್ತದೆ. ಅಲ್ಲಿರುವುದು ಕಲಾ ಗ್ಯಾಲರಿ, ಬಾಗಿಲು ಸಾರ್ವಜನಿಕರಿಗೆ ತೆರೆದಿದೆ.

ಸುಮಾರು 1,650 ಮೀಟರ್ ಎತ್ತರದಲ್ಲಿರುವ ಗುವಾರ್ಡಾ ಹಳ್ಳಿಯ ಉದಾಹರಣೆ ಇನ್ನೂ ಮುಖ್ಯ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ವಾಸ್ತುಶಿಲ್ಪಿ ಯಾಹೆನ್ ಉಲ್ರಿಖ್ ಕ್ಯೋಂಟ್ಸ್ ಇಲ್ಲಿ ಮನೆಯ ಮೇಲೆ ಮನೆ ರಿಪೇರಿ ಮಾಡಿಸಿದರು. ಅವರ ಪತ್ನಿ ಸೆಲೀನಾ ಬರೆದು ಅಲೋಯಿಸ್ ಕಾರಿಜೆ ಚಿತ್ರ ಬಿಡಿಸಿದ, 1945ರಲ್ಲಿ ಬಂದ 'ಶೆಲ್ಲನ್-ಊರ್ಸ್ಲಿ' ಎಂಬ ಮಕ್ಕಳ ಪುಸ್ತಕದಿಂದ ಈ ಊರಿನ ಮನೆಗಳು ಲೋಕಪ್ರಸಿದ್ಧವಾದವು. 1975ರಲ್ಲಿ, ಪರಂಪರೆಯನ್ನು ಚೆನ್ನಾಗಿ ಕಾಪಾಡಿದ ಊರುಗಳಿಗೆ ಕೊಡುವ ವಾಕ್ಕರ್ ಪ್ರಶಸ್ತಿಯೂ ಈ ಊರಿಗೆ ಬಂತು. ಆಗ ರಿಪೇರಿಯಾದ ಮನೆಗಳಲ್ಲಿ ಇದ್ದವರು ರೈತರು. ಮನೆ ಸರಿಯಾದ ಮೇಲೂ ಅದೇ ಕುಟುಂಬಗಳು ಅದೇ ಒಲೆ ಹಚ್ಚಿದವು.

ಇಂದು ಕೊಳ್ಳುವವರಲ್ಲಿ ಬಹುಪಾಲು ಜನ ರಜೆಗೆ ಬಂದುಹೋಗುವವರು. 2012ರ ಮಾರ್ಚ್ 11ರಂದು ಸ್ವಿಸ್ ಮತದಾರರು, ಶೇಕಡಾ 50.6ರ ಅಲ್ಪ ಬಹುಮತದಿಂದ, ಯಾವ ಊರಿನಲ್ಲೂ ರಜಾಮನೆಗಳು ಒಟ್ಟು ಮನೆಗಳ ಶೇಕಡಾ 20 ಮೀರಬಾರದು ಎಂದು ತೀರ್ಮಾನಿಸಿದರು. ಉದ್ದೇಶ ಒಳ್ಳೆಯದೇ, ಬೆಟ್ಟದ ಇಳಿಜಾರುಗಳಲ್ಲಿ ಹೊಸ ರಜಾಮನೆಗಳ ಸಾಲು ಏಳುವುದು ನಿಂತಿತು. ಆದರೆ ಆ ದಿನಕ್ಕೆ ಮೊದಲೇ ಇದ್ದ ಮನೆಗಳಿಗೆ ಈ ಮಿತಿ ಇಲ್ಲ. ಹೊಸದು ಕಟ್ಟುವಂತಿಲ್ಲ ಎಂದಾಗ ಹಣವೆಲ್ಲ ಊರ ನಡುವಿನ ಹಳೇ ಮನೆಗಳ ಕಡೆ ತಿರುಗಿತು. ಊರಲ್ಲೇ ದುಡಿಯುವ ಬಡಗಿಗೆ, ಶಾಲೆಯ ಟೀಚರಿಗೆ, ತಾವು ಹುಟ್ಟಿದ ಬೀದಿಯಲ್ಲಿ ಮನೆ ಕೈಗೆಟುಕದಾಯಿತು. ದೇಶದ ಜನಸಂಖ್ಯೆಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಜನ ಆಡುವ ರೊಮಾನ್ಶ್ ಭಾಷೆಗೆ ಈ ಬೀದಿಗಳೇ ಆಸರೆ. ಮನೆಯ ಬಾಗಿಲು ವರ್ಷದಲ್ಲಿ ಕೆಲವೇ ವಾರ ತೆರೆದರೆ ಆ ಮಾತು ಆಡುವುದಾದರೂ ಯಾರೊಡನೆ?

ಮಾರುವವರನ್ನು ದೂರುವುದು ಸುಲಭ, ಅದು ನ್ಯಾಯವಲ್ಲ. ಅಣ್ಣತಮ್ಮಂದಿರಿಗೆ ಪಾಲಾದ ಮನೆ, ಸೋರುವ ಮಾಡು, ಹಿಮದ ಭಾರಕ್ಕೆ ಬಾಗಿದ ತೊಲೆ, ಇವಕ್ಕೆಲ್ಲ ಹಣ ಹೊಂದಿಸುವುದು ರೈತ ಕುಟುಂಬದ ಶಕ್ತಿಗೆ ಮೀರಿದ್ದು. ಎಷ್ಟೋ ಮನೆಗಳು ಇನ್ನೂ ನಿಂತಿರುವುದು ಹೊರಗಿನ ದುಡ್ಡಿನಿಂದಲೇ ಎಂಬುದೂ ನಿಜ. ಆದರೂ ಸುಣ್ಣ ಯಾವುದಿರಬೇಕು, ಮರ ಯಾವುದಿರಬೇಕು ಎಂದು ಷರತ್ತು ಹಾಕುವ ಸಮಾಜಕ್ಕೆ, ಮನೆಯಲ್ಲಿ ಯಾರಾದರೂ ಬದುಕಬೇಕು ಎಂದು ಷರತ್ತು ಹಾಕಲು ಏಕೆ ಹಿಂಜರಿಕೆ? ನಿವಾಸದ ಷರತ್ತಿಲ್ಲದ ಜೀರ್ಣೋದ್ಧಾರವನ್ನು ನಾನು ಅರ್ಧ ಕೆಲಸ ಎಂದೇ ಕರೆಯುತ್ತೇನೆ.

ಬೇರೆ ದಾರಿ ಇದೆ, ಎಂಗಡೀನ್ ಸೇರಿರುವ ಗ್ರೌಬ್ಯುಂಡನ್ ಪ್ರಾಂತ್ಯದಲ್ಲೇ ಇದೆ. ವಾಲೆಂಡಾಸ್ ಹಳ್ಳಿಯ ಜನ ಸಂಘ ಕಟ್ಟಿಕೊಂಡು ಊರನ್ನು ತಾವೇ ಎತ್ತಿ ನಿಲ್ಲಿಸಿದರು. ಊರ ಚೌಕದ ಕಾರಂಜಿಯ ಎದುರಿನ ಹಳೇ ಕಟ್ಟಡ ಗಿಯೋನ್ ಕಾಮಿನಾದಾ ಅವರ ವಿನ್ಯಾಸದಲ್ಲಿ ವಸತಿಗೃಹವಾಯಿತು. ಊರವರು ಸೇರಲು ಅಲ್ಲೊಂದು ಸಭಾಂಗಣವೂ ಇದೆ. ಅದೇ ಚೌಕದಲ್ಲಿ, ಬಹಳ ಕಾಲ ಹಾಳುಬಿದ್ದಿದ್ದ ತ್ಯೂರಾಲಿಹೂಸ್ ಎಂಬ ಗೋಪುರದ ಮನೆಯನ್ನು ಸ್ವಿಸ್ ಪರಂಪರಾ ಸಂಘ 2005ರಲ್ಲಿ ಹುಟ್ಟುಹಾಕಿದ ಪ್ರತಿಷ್ಠಾನ ಕೊಂಡು ಸರಿಪಡಿಸಿತು. ಆ ಮನೆ ಮಾರಾಟಕ್ಕಿಲ್ಲ. ರಜೆಗೆ ಬರುವ ಯಾರಿಗೆ ಬೇಕಾದರೂ ಬಾಡಿಗೆಗೆ ಸಿಗುತ್ತದೆ.